ನಿಮ್ಮ ನೋವು ನಮ್ಮ ಕೈಗೆ

ಅಂಗಿಯ ಮೂರನೇ ಗುಂಡಿ ತೂತಿಗೆ ಹೋಗಲೊಲ್ಲದು. ಮೊದಲಿನ ಎರಡನ್ನು ಹೆಬ್ಬೆರಳಪ್ಪ ಹಲ್ಲು ಕಚ್ಚಿಕೊಂಡು ಹೇಗೋ ಸಿಕ್ಕಿಸಿದ್ದ. ಮೂರನೆಯದಕ್ಕೆ ಬರುವಷ್ಟರಲ್ಲಿ ಬಲ ಹೆಬ್ಬೆರಳಿನ ಬುಡದಲ್ಲಿ ಯಾರೋ ಸೂಜಿ ಚುಚ್ಚಿ ಮೊಣಕೈವರೆಗೂ ದಾರ ಎಳೆದ ಹಾಗಾಯಿತು. ಅವನು ಕೈ ಕೆಳಗಿಳಿಸಿ ಹೆಂಡತಿಯನ್ನು ಕರೆದ.

"ಮಗಳಿಗೆ ಗುಂಡಿ ಹಾಕೋದು ಬಿಟ್ಟು ಆರು ವರ್ಷ ಆಯ್ತು," ಎನ್ನುತ್ತಾ ಅವಳು ಬಂದಳು. "ಈಗ ಅವಳಪ್ಪಂಗೆ ಶುರು."

ಹುಟ್ಟಿದಾಗ ಇಟ್ಟ ಹೆಸರು ಅವನಿಗೂ ಒಂದಿತ್ತು. ಅದು ಕಾಗದಪತ್ರಗಳ ಪಾಲಾಗಿ ಎಷ್ಟೋ ಕಾಲವಾಗಿತ್ತು. ಹತ್ತೊಂಬತ್ತು ವರ್ಷಗಳಿಂದ ಅವನು ಒಂದೇ ಮಾಲೀಶು ಕೇಂದ್ರದಲ್ಲಿ ಊರವರ ಬೆನ್ನು, ಭುಜ, ಕತ್ತು ಒತ್ತುತ್ತಿದ್ದ. ಗಿರಾಕಿಗಳು ಬಂದವರೇ "ಆ ಹೆಬ್ಬೆರಳಿನವರು ಇದ್ದಾರಾ" ಎಂದು ಕೇಳುತ್ತಿದ್ದರು. ಚರ್ಮದ ಕೆಳಗೆ ಎಲ್ಲೋ ಅಡಗಿ ಕೂತ ಗಂಟನ್ನು ಅವನ ಬಲ ಹೆಬ್ಬೆರಳು ತಾನೇ ಹುಡುಕಿಕೊಂಡು ಹೋಗುತ್ತಿತ್ತು. ಸಿಕ್ಕಿದ ಮೇಲೆ ಅದು ಕರಗುವವರೆಗೂ ಬಿಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಹೆಬ್ಬೆರಳಪ್ಪನಿಗೆ ಗಡಿಯಾರವಾಗಲಿ ಹಸಿವಾಗಲಿ ನೆನಪಿರುತ್ತಿರಲಿಲ್ಲ. ಜನ ಇದನ್ನು ಕೈಗುಣ ಅನ್ನುತ್ತಿದ್ದರು. ಹೆಂಡತಿ ಚಟ ಅನ್ನುತ್ತಿದ್ದಳು.

ಕೇಂದ್ರದ ಬಾಗಿಲ ಮೇಲೆ 'ನಿಮ್ಮ ನೋವು ನಮ್ಮ ಕೈಗೆ' ಎಂದು ಹಸಿರು ಅಕ್ಷರದ ಬೋರ್ಡಿತ್ತು. ಬರೆಸಿದ ಯಜಮಾನಿಗೆ ಅದರ ಪೂರ್ತಿ ಅರ್ಥ ಗೊತ್ತಿರಲಿಲ್ಲ. ಹೆಬ್ಬೆರಳಪ್ಪನಿಗೆ ನಾಲ್ಕು ತಿಂಗಳಿಂದ ಚೆನ್ನಾಗಿಯೇ ಗೊತ್ತಾಗಿತ್ತು. ಮೊದಲು ಲೋಟ ಜಾರಿತು. ಆಮೇಲೆ ಬಾಗಿಲ ಬೀಗ ತಿರುಗಿಸಲಾಗಲಿಲ್ಲ. ಹೋದ ತಿಂಗಳಿಂದ ಮಗಳಿಗೆ ಜಡೆ ಹಾಕುವುದೂ ನಿಂತಿತು. ದಿನಾ ಬೆಳಿಗ್ಗೆ ಅವಳ ಎರಡು ಜಡೆ ಹೆಣೆಯುವುದು ಅವನ ಕೆಲಸ. ಹೆಂಡತಿಗಿಂತ ಬಿಗಿಯಾಗಿ, ಓರಣವಾಗಿ ಹೆಣೆಯುತ್ತಿದ್ದ. ಈಗ ಮಗಳು ಬಾಚಣಿಗೆ ಹಿಡಿದು ಅಪ್ಪನನ್ನು ದಾಟಿಕೊಂಡು ಅಮ್ಮನ ಹತ್ತಿರ ಹೋಗುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಅವನಿಗೆ ಹೆಬ್ಬೆರಳಿಗಿಂತ ಹೆಚ್ಚಾಗಿ ಎದೆ ನೋಯುತ್ತಿತ್ತು.

ಆದರೆ ಇವತ್ತು ಇದಕ್ಕೆಲ್ಲ ಒಂದು ದಾರಿ ಸಿಗುವುದಿತ್ತು. ಕೇಂದ್ರದ ಮುಂಬಾಗಿಲಲ್ಲಿ ಕೂತು ಫೋನು ತೆಗೆದುಕೊಂಡು ಹೆಸರು ಬರೆಯುತ್ತಿದ್ದ ಹೆಂಗಸು ಸೋಮವಾರದಿಂದ ಕೆಲಸ ಬಿಡುವವಳಿದ್ದಳು. ಅವಳದು ಚಕ್ರವಿರುವ ಕುರ್ಚಿ. ಅದರಲ್ಲಿ ಕೂತವರು ಒತ್ತಬೇಕಾದದ್ದು ಫೋನಿನ ಗುಂಡಿಗಳನ್ನು ಮಾತ್ರ. ಯಜಮಾನಿ ಹೇಳಿದ್ದರು: "ಕೈ ಡಾಕ್ಟರ ಚೀಟಿ ತನ್ನಿ. ಒತ್ತೋ ಕೆಲಸ ಇನ್ನು ಈ ಕೈಲಿ ಆಗಲ್ಲ ಅಂತ ಅವ್ರು ಬರೆದ್ರೆ ಕುರ್ಚಿ ನಿಮ್ದು. ಇಲ್ಲಾಂದ್ರೆ ನನ್ನ ತಮ್ಮ ಮನೇಲಿ ಸುಮ್ನೆ ಕೂತಿದಾನೆ, ಅವನು ಇಲ್ಲಿ ಬಂದು ಕೂರ್ತಾನೆ." ಊರಿಗೆಲ್ಲ ಕೈಗೆಂದೇ ಇದ್ದವರು ಒಬ್ಬರೇ ಡಾಕ್ಟರು. ಎರಡು ತಿಂಗಳು ಕಾದ ಮೇಲೆ ಇವತ್ತು ಸಂಜೆ ನಾಲ್ಕಕ್ಕೆ ಅವನ ಸರದಿ ಬಂದಿತ್ತು.

ಸರದಿಯ ಚೀಟಿಯ ಜೊತೆಗೆ ಡಾಕ್ಟರೇ ಬರೆದ ಒಂದು ಪುಟ್ಟ ಪುಸ್ತಕವೂ ಬಂದಿತ್ತು: 'ಕೈಯಲ್ಲಿ ದುಡಿಯುವವರ ಕೈ ರಕ್ಷಣೆಗೆ ಹನ್ನೆರಡು ಸೂತ್ರಗಳು'. ಹೆಂಡತಿ ಅದನ್ನು ಬಾಯಿಪಾಠ ಮಾಡಿಬಿಟ್ಟಿದ್ದಳು. ಮಣಿಕಟ್ಟು ನೆಟ್ಟಗಿರಲಿ. ಶಕ್ತಿ ಭುಜದಿಂದ ಬರಲಿ, ಬೆರಳಿನಿಂದಲ್ಲ. ಹೆಬ್ಬೆರಳಿನ ಬದಲು ಮುಂಗೈ ಬಳಸಿ.

"ಹತ್ತನೇದು ಕೇಳಿ," ಎಂದಳು, ಗುಂಡಿ ಹಾಕುತ್ತಾ. "ಕೆಲಸದ ಹೊತ್ತಿನ ಹೊರಗೆ ಯಾರ ಮೈಯನ್ನೂ ಒತ್ತಬೇಡಿ. ಹನ್ನೊಂದು, ಪರೀಕ್ಷೆಯ ದಿನ ಕೈಗೆ ಸಂಪೂರ್ಣ ವಿಶ್ರಾಂತಿ ಕೊಡಿ. ಹನ್ನೆರಡು, ಇಲ್ಲ ಎನ್ನಲು ಕಲಿಯಿರಿ. ಇದನ್ನ ನಿಮಗೋಸ್ಕರಾನೇ ಬರ್ದಿದಾರೆ. ಹೇಳಿ ನೋಡೋಣ."

"ಏನು?"

"ಇಲ್ಲ ಅಂತ."

"ಇಲ್ಲ."

"ಜೋರಾಗಿ."

"ಇಲ್ಲ ಕಣೇ."

"ಕಣೇ ಬೇಡ. ಬರೀ ಇಲ್ಲ."

ಅವನು ಮೂರು ಸಲ ಹೇಳಿದ. ಮೂರನೆಯ ಸಲ ಅದು ಪ್ರಶ್ನೆಯ ಹಾಗೆ ಕೇಳಿಸಿತು. ಹೆಂಡತಿ ನಿಟ್ಟುಸಿರು ಬಿಟ್ಟು, ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಟವೆಲು ಸುತ್ತಿ, ಹಳೇ ಶಾಲಿನಲ್ಲಿ ಕೈಯನ್ನು ಕತ್ತಿಗೆ ನೇತುಹಾಕಿದಳು. "ನಾಲ್ಕು ಗಂಟೆವರೆಗೆ ಈ ಕೈ ನಿಮ್ದಲ್ಲ, ಡಾಕ್ಟರದ್ದು. ಯಾರಿಗೂ ಕೊಡಬೇಡಿ," ಎಂದು ಬಾಗಿಲು ಹಾಕಿಕೊಂಡಳು.

ಅವನು ಒಂದು ಮಹಡಿ ಇಳಿಯುವಷ್ಟರಲ್ಲಿ ಮೇಷ್ಟ್ರು ಸಿಕ್ಕರು. ಕೆಳಗಿನ ಮನೆಯ ಈ ನಿವೃತ್ತ ಮೇಷ್ಟ್ರು ಮೂವತ್ತು ವರ್ಷ ಕತ್ತು ವಾರೆ ಮಾಡಿಕೊಂಡು ಪೇಪರು ಓದಿದವರು. ಈಗ ಪೇಪರು ಇಲ್ಲದಿದ್ದರೂ ಕತ್ತು ವಾರೆಯಾಗಿಯೇ ಇರುತ್ತಿತ್ತು.

"ಒಳ್ಳೇ ಟೈಮಿಗೆ ಬಂದ್ರಿ. ಇಲ್ಲೊಂದ್ಚೂರು ಒತ್ತಿ. ಒಂದೇ ನಿಮಿಷ," ಎಂದು ಮೇಷ್ಟ್ರು ಬೆನ್ನು ತಿರುಗಿಸಿದರು.

ಹೆಬ್ಬೆರಳಪ್ಪನ ಕಸುಬು ಗೊತ್ತಾದ ಕ್ಷಣ ಜನ ಅವನಿಗೆ ಬೆನ್ನು ತಿರುಗಿಸುತ್ತಿದ್ದರು. ಬೇರೆಯವರಿಗೆ ಅದು ಅವಮಾನ, ಅವನಿಗೆ ಅದೇ ನಮಸ್ಕಾರ. ಅರ್ಧ ಊರನ್ನು ಅವನು ಬೆನ್ನಿನಿಂದಲೇ ಗುರುತಿಸಬಲ್ಲವನಾಗಿದ್ದ. ಮುಖ ತೋರಿಸಿದರೆ ಒಮ್ಮೊಮ್ಮೆ ಗಲಿಬಿಲಿಯಾಗುತ್ತಿತ್ತು.

"ಇಲ್ಲ," ಎಂದ, ಆದಷ್ಟು ಗಟ್ಟಿಯಾಗಿ.

ಮೇಷ್ಟ್ರು ತಿರುಗಿದರು. "ಏನಿಲ್ಲ?"

"ಕೈ ಇಲ್ಲ. ಅಂದ್ರೆ ಕೈ ಇದೆ ಸರ್, ಒತ್ತೋಕಾಗಲ್ಲ. ಸಂಜೆ ಡಾಕ್ಟರಿಗೆ ತೋರಿಸ್ಬೇಕು."

"ಡಾಕ್ಟರ್ ಯಾಕೆ, ಕೊಡಿ ಇಲ್ಲಿ." ಹೆಂಡತಿ ಹತ್ತು ನಿಮಿಷ ಸುತ್ತಿದ್ದ ಟವೆಲನ್ನು ಮೇಷ್ಟ್ರು ಎರಡೇ ಸೆಕೆಂಡಿನಲ್ಲಿ ಬಿಚ್ಚಿದರು. ಹೆಬ್ಬೆರಳನ್ನು ಹಿಡಿದು, ತರಗತಿಯಲ್ಲಿ ಕಿವಿ ಹಿಂಡುತ್ತಿದ್ದ ಅಭ್ಯಾಸಬಲದಿಂದ, ತಿರುಪಿದರು. "ಇಲ್ಲಿ ನೋವಾ? ಇಲ್ಲಾ? ಹೀಗಂದ್ರೆ?"

ಹೆಬ್ಬೆರಳಪ್ಪನಿಗೆ ಹಗಲಲ್ಲೇ ನಕ್ಷತ್ರ ಕಂಡವು. ಬಾಯಿಂದ ಮಾತು ಹೊರಡಲಿಲ್ಲ.

"ಏನೂ ಆಗಿಲ್ಲ," ಎಂದು ಮೇಷ್ಟ್ರು ತೀರ್ಪು ಕೊಟ್ಟರು. "ನೋವು ಅನ್ನೋದು ಎಲ್ಲಾ ಮನಸ್ಸಲ್ಲಿರೋದು. ನನ್ನ ಕತ್ತಿನ ನೋವು ಮಾತ್ರ ಕತ್ತಲ್ಲೇ ಇದೆ, ನೋಡಿ," ಎಂದು ಮತ್ತೆ ಬೆನ್ನು ತಿರುಗಿಸಿದರು.

ಅಷ್ಟರಲ್ಲಿ ಎದುರುಮನೆಯ ಟೈಲರಮ್ಮ ಹೊರಬಂದಳು. ಹಗಲಿಡೀ ಹೊಲಿಗೆ ಯಂತ್ರಕ್ಕೆ ಬಗ್ಗಿ ಕೂರುವ ಅವಳು ಕೇಂದ್ರದ ಖಾಯಂ ಗಿರಾಕಿ. ಇವತ್ತು ಹನ್ನೊಂದಕ್ಕೆ ಅವಳ ಹೆಸರು ಬರೆದಿತ್ತು. "ನೀವು ಇಲ್ಲೇ ಸಿಕ್ಕಮೇಲೆ ಅಷ್ಟು ದೂರ ನಾನ್ಯಾಕೆ ಬರ್ಲಿ," ಎಂದು ಮೆಟ್ಟಿಲ ಮೇಲೇ ಕೂತು ಕತ್ತಿನ ಮೇಲಿನ ಕೂದಲು ಸರಿಸಿಕೊಂಡಳು. "ಬಲಗೈಗೆ ನೋವಾದ್ರೆ ಎಡಗೈಲಿ ಒತ್ತಿ. ನಮಗೇನೂ ಬೇಜಾರಿಲ್ಲ."

ಹೀಗೆ ಇಳಿಯುವ ದಾರಿಯಲ್ಲಿ ಎರಡು ಬೆನ್ನು ಅಡ್ಡವಾದವು, ಒಂದು ನಿಂತದ್ದು, ಒಂದು ಕೂತದ್ದು. ಹೆಬ್ಬೆರಳಪ್ಪ ಎರಡು ಸಲ "ಇಲ್ಲ" ಎಂದ. "ಇಲ್ಲಲ್ಲ, ಇನ್ನೊಂದ್ಚೂರು ಕೆಳಗೆ," ಎಂದಳು ಟೈಲರಮ್ಮ. ಹೆಬ್ಬೆರಳು ಅವಳ ಬಲ ಭುಜದ ಗಂಟನ್ನು ದೂರದಿಂದಲೇ ಕಂಡು ಆಗಲೇ ಮಿಸುಕಾಡತೊಡಗಿತ್ತು. ಇನ್ನೊಂದು ಕ್ಷಣ ನಿಂತರೆ ಕುರ್ಚಿ ಹೋಯಿತು ಎಂದು ಅವನಿಗೆ ನಿಜಕ್ಕೂ ಭಯವಾಯಿತು.

"ನಾಯಿ ಕಚ್ಚಿದೆ," ಎಂದುಬಿಟ್ಟ.

ಮೆಟ್ಟಿಲು ತಕ್ಷಣ ಖಾಲಿಯಾಯಿತು. ಟೈಲರಮ್ಮನ ಬಾಗಿಲ ಚಿಲಕ ಬಿದ್ದ ಸದ್ದು ಕೇಳಿಸಿತು. ಮೇಷ್ಟ್ರು ಆ ಹೆಬ್ಬೆರಳು ಮುಟ್ಟಿದ ತಮ್ಮ ಕೈಯನ್ನು ದೂರ ಚಾಚಿಕೊಂಡು, ಅದು ಬೇರೆ ಯಾರದೋ ಕೈಯೆಂಬಂತೆ ನೋಡುತ್ತಾ ಒಳಗೆ ಹೋದರು. ಡಾಕ್ಟರ ಹನ್ನೆರಡು ಸೂತ್ರಗಳಲ್ಲಿ ಅತಿ ಮುಖ್ಯವಾದದ್ದೇ ಬಿಟ್ಟುಹೋಗಿದೆ ಎಂದುಕೊಂಡು ಹೆಬ್ಬೆರಳಪ್ಪ ಟವೆಲು ಸುತ್ತಿಕೊಂಡ.

ಬಸ್ಸಿನಲ್ಲಿ ಆ ಸೂತ್ರವನ್ನು ಅವನು ಇನ್ನೊಮ್ಮೆ ಪರೀಕ್ಷಿಸಿದ. ಪಕ್ಕದಲ್ಲಿ ನಿಂತಿದ್ದ ದಪ್ಪ ಮನುಷ್ಯನೊಬ್ಬ ಅವನನ್ನು ದಿಟ್ಟಿಸಿ, "ನೀವು ಆ ಕೇಂದ್ರದ ಹೆಬ್ಬೆರಳಿನವರಲ್ವಾ?" ಎಂದು ಬೆನ್ನು ತಿರುಗಿಸಲು ಶುರುಮಾಡಿದ. "ನಾಯಿ ಕಚ್ಚಿದೆ," ಎಂದ ಹೆಬ್ಬೆರಳಪ್ಪ. ದಪ್ಪ ಮನುಷ್ಯ ಮುಂದಿನ ನಿಲ್ದಾಣದಲ್ಲಿ ಇಳಿದುಹೋದ. ಅದು ಅವನ ನಿಲ್ದಾಣ ಅಲ್ಲವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಇಬ್ಬರು ಕೂರುವ ಸೀಟಿನಲ್ಲಿ ಹೆಬ್ಬೆರಳಪ್ಪ ಒಬ್ಬನೇ ಹಾಯಾಗಿ ಕೂತ. ಇಷ್ಟು ವರ್ಷ ಈ ಬುದ್ಧಿ ಎಲ್ಲಿ ಹೋಗಿತ್ತು ಎಂದು ತನ್ನ ಮೇಲೇ ಸಿಟ್ಟು ಬಂತು.

ಆದರೆ ಬಸ್ಸಿಗಿಂತ ಫೋನಿಗೆ ಓಟ ಜಾಸ್ತಿ. ಅವನು ಕೇಂದ್ರ ತಲುಪುವ ಮೊದಲೇ ಟೈಲರಮ್ಮ ಫೋನು ಮಾಡಿ ತನ್ನ ಹನ್ನೊಂದರ ಸರದಿ ಬೇಡ ಎಂದಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ ಕಾರಣವನ್ನೂ ಹೇಳಿದ್ದಳು, ಹೇಳುವಾಗ ನಾಯಿಯ ಹಿಂದೆ ಒಂದು 'ಹುಚ್ಚು' ಸೇರಿಸಿದ್ದಳು. ಮೇಷ್ಟ್ರೂ ಜವಾಬ್ದಾರಿಯುತ ನಾಗರಿಕರಾಗಿ ಫೋನು ಮಾಡಿ, ತಾವು ಖುದ್ದು ಪರೀಕ್ಷಿಸಿದ್ದಾಗಿಯೂ ಆಗ ರೋಗಿ ಮಾತಾಡಲಾಗದೆ ಬಾಯಿ ಬಾಯಿ ಬಿಡುತ್ತಿದ್ದುದಾಗಿಯೂ ತಿಳಿಸಿದ್ದರು.

ಹೆಬ್ಬೆರಳಪ್ಪ ಬೀದಿ ತಿರುವಿಗೆ ಬಂದಾಗ ಗಿರಾಕಿಯೊಬ್ಬ ಸೊಂಟಕ್ಕೆ ಟವೆಲು ಸುತ್ತಿಕೊಂಡು, ಕೈಯಲ್ಲಿ ಚಪ್ಪಲಿ ಹಿಡಿದು, ಎಣ್ಣೆ ಸುರಿಸುತ್ತಾ ಕಾರಿನ ಕಡೆ ಓಡುತ್ತಿದ್ದ. ಬಾಗಿಲಲ್ಲಿ ಯಜಮಾನಿ ನೆಲ ಒರೆಸುವ ಕೋಲನ್ನು ಅಡ್ಡ ಹಿಡಿದು ನಿಂತಿದ್ದರು. ಅವರ ಬೆನ್ನ ಹಿಂದಿನಿಂದ ಮೊಣಕೈ ಇಣುಕುತ್ತಿದ್ದ.

ಮೊಣಕೈ ಅಂದರೆ ಕೇಂದ್ರದ ಇನ್ನೊಬ್ಬ ಹಳೇ ಕೆಲಸಗಾರ. ಇಪ್ಪತ್ತೈದು ವರ್ಷದಿಂದ ಅವನು ಮೊಣಕೈ ಮತ್ತು ಮುಂಗೈ ಬಿಟ್ಟು ಬೇರೇನನ್ನೂ ಬಳಸಿದವನಲ್ಲ. ಅವನ ಬೆರಳುಗಳು ಮಗುವಿನ ಬೆರಳುಗಳ ಹಾಗೆ ಮೆತ್ತಗಿದ್ದವು. ಅವನೇ ಬೇಕೆಂದು ಕೇಳಿಕೊಂಡು ಬಂದ ಗಿರಾಕಿ ಇವತ್ತಿನವರೆಗೆ ಒಬ್ಬರೂ ಇರಲಿಲ್ಲ. ಅದರಿಂದಾಗಿ ಅವನ ಆರೋಗ್ಯ ಇನ್ನೂ ಚೆನ್ನಾಗಿತ್ತು.

"ಕೈ ಇರೋದು ಊಟಕ್ಕೆ, ಒತ್ತೋಕೆ ಮೊಣಕೈ ಇದೆ ಅಂತ ಎಷ್ಟು ಬಡ್ಕೊಂಡೆ," ಎಂದ ಅವನು ಅಲ್ಲಿಂದಲೇ. "ಕೇಳಿದ್ಯಾ? ಹೋಗಿ ಹೋಗಿ ನಾಯಿ ಬಾಯಿಗೆ ಕೊಟ್ಟೆ."

"ಅಲ್ಲೇ ನಿಲ್ಲಿ," ಎಂದರು ಯಜಮಾನಿ.

"ನಾಯಿ ಕಚ್ಚಿಲ್ಲ ಮೇಡಂ."

"ಹಾಗಾದ್ರೆ ಕಚ್ಚಿದೆ ಅಂತ ಯಾಕೆ ಹೇಳಿದ್ರಿ?"

"ಒತ್ತಿ ಅಂದ್ರು. ಅದಕ್ಕೆ."

"ಒತ್ತಿ ಅನ್ನೋರಿಗೆಲ್ಲ ನೀವು ನಾಯಿ ಕಚ್ಚಿದೆ ಅಂದ್ರೆ ನಾನು ಬೋರ್ಡು ಕೆಳಗಿಳಿಸ್ಬೇಕಾಗತ್ತೆ. ಅರ್ಧ ಗಂಟೇಲಿ ಏಳು ಜನ ಬರಲ್ಲ ಅಂದ್ರು. ಒಬ್ರು ಅರ್ಧ ಬೆನ್ನಿಗೇ ಎದ್ದು ಹೋದ್ರು." ಯಜಮಾನಿ ಕೋಲನ್ನು ಇನ್ನಷ್ಟು ಮುಂದೆ ಚಾಚಿದರು. "ಸಂಜೆ ಡಾಕ್ಟರ ಹತ್ರ ಹೋಗ್ತೀರಲ್ಲ, ಕೈಗೆ ಏನೂ ಆಗಿಲ್ಲ ಅಂತ ಬರೆಸ್ಕೊಂಡು ಬನ್ನಿ. ಗಾಜಿನ ಮೇಲೆ ಅಂಟಿಸ್ತೀನಿ. ಅಲ್ಲೀವರೆಗೆ ಒಳಗೆ ಕಾಲಿಡಬೇಡಿ."

"ಕೈಗೆ ಏನೋ ಆಗಿದೆ ಅಂತಲ್ವಾ ಮೇಡಂ ಬರೆಸ್ಬೇಕಾಗಿದ್ದು? ಕುರ್ಚಿಗೆ?"

"ಅದು ಕುರ್ಚಿಗೆ. ಇದು ಗಿರಾಕಿಗಳಿಗೆ. ಎರಡೂ ಬರೆಸಿ."

"ಕೈ ಒಂದೇ ಇರೋದು ಮೇಡಂ."

"ಅದನ್ನ ನಾಯಿ ಕರೆಯೋಕೆ ಮುಂಚೆ ಯೋಚಿಸ್ಬೇಕಾಗಿತ್ತು," ಎಂದು ಯಜಮಾನಿ ಗಾಜಿನ ಬಾಗಿಲು ಎಳೆದುಕೊಂಡರು. ಬಾಗಿಲ ಹಿಡಿಯನ್ನು ಮೊಣಕೈ ತನ್ನ ಮೊಣಕೈಯಿಂದಲೇ ಒರೆಸಿದ.

ಹನ್ನೆರಡನೆಯ ಸೂತ್ರವನ್ನು ಪಾಲಿಸಹೋಗಿ ಕೆಟ್ಟದ್ದಾಯಿತು, ಹನ್ನೊಂದನೆಯದನ್ನಾದರೂ ಪಾಲಿಸೋಣ ಎಂದು ಹೆಬ್ಬೆರಳಪ್ಪ ಉದ್ಯಾನಕ್ಕೆ ಹೋಗಿ ಒಂದು ಬೆಂಚಿನ ಮೇಲೆ ಕೂತ. ಕಟ್ಟಿದ ಕೈ ತೊಡೆಯ ಮೇಲೆ ಮಲಗಿತ್ತು. ಮೊದಲ ಅರ್ಧ ಗಂಟೆ ಅವನಿಗೆ ಕೈ ಕಳೆದುಕೊಂಡ ಹಾಗೇ ಅನಿಸಿತು. ಹತ್ತೊಂಬತ್ತು ವರ್ಷಗಳಲ್ಲಿ ಒಂದು ಹಗಲೂ ಆ ಕೈ ಸುಮ್ಮನೆ ಕೂತದ್ದಿಲ್ಲ. ರಜೆಯ ದಿನ ಮಾವನ ಸೊಂಟವಿರುತ್ತಿತ್ತು, ನೆಂಟರ ಮನೆಯಲ್ಲಿ ನೆಂಟರ ಕಾಲಿರುತ್ತಿತ್ತು. ಒಮ್ಮೆ ಆಸ್ಪತ್ರೆಯಲ್ಲಿ ತನಗೇ ಜ್ವರ ಬಂದು ಮಲಗಿದ್ದಾಗಲೂ ಪಕ್ಕದ ಹಾಸಿಗೆಯವನು ಭುಜ ಮುಂದೊಡ್ಡಿದ್ದ.

ಸ್ವಲ್ಪ ಹೊತ್ತಿಗೆ ಒಂದು ಬೀದಿ ನಾಯಿ ಬಂದು ಅವನ ಕಾಲ ಬಳಿ ಕೂತಿತು. ಎದುರಿನ ಬೆಂಚಿನಲ್ಲಿದ್ದ ಹೆಂಗಸರು ಅವನ ಕಟ್ಟಿದ ಕೈಯನ್ನೂ ನಾಯಿಯನ್ನೂ ಒಟ್ಟಿಗೆ ನೋಡಿ ಎದ್ದುಹೋದರು. ನಾಯಿ ಅವನ ಮುಖವನ್ನೇ ನೋಡಿತು. ಆಮೇಲೆ ನಿಧಾನವಾಗಿ ತಿರುಗಿ ಬೆನ್ನು ಕೊಟ್ಟು ಕೂತಿತು.

"ನೀನೂ ಶುರುಮಾಡಿದ್ಯಾ," ಎಂದು ಹೆಬ್ಬೆರಳಪ್ಪ ಎಡಗೈಯಿಂದ ಅದರ ಕತ್ತು ಕೆರೆದ. ಬಲಗೈಯನ್ನು ಅಲುಗಿಸಲಿಲ್ಲ. ಮಧ್ಯಾಹ್ನ ಹೆಂಡತಿ ಕಟ್ಟಿಕೊಟ್ಟಿದ್ದನ್ನು ಎಡಗೈಯಲ್ಲೇ ಚಮಚ ಹಿಡಿದು ತಿಂದ. ಒಂದು ನಿದ್ದೆಯನ್ನೂ ಮಾಡಿದ.

ಎಚ್ಚರವಾದಾಗ ಮೂರು ಗಂಟೆ. ಏನೋ ಒಂದು ಕಮ್ಮಿಯಾದ ಹಾಗಿತ್ತು, ಏನೆಂದು ಹೊಳೆಯಲಿಲ್ಲ. ಆಮೇಲೆ ಹೊಳೆಯಿತು: ನೋವು ಇರಲಿಲ್ಲ. ಅವನು ಟವೆಲು ಬಿಚ್ಚಿ ಹೆಬ್ಬೆರಳನ್ನು ಮೆಲ್ಲಗೆ ಮಡಿಸಿದ, ಬಿಡಿಸಿದ. ಅಂಗಿಯ ಮೂರನೇ ಗುಂಡಿಯನ್ನು ತೆಗೆದು ಮತ್ತೆ ಹಾಕಿದ. ಗುಂಡಿ ಒಂದೇ ಸಲಕ್ಕೆ ತೂತಿಗೆ ಹೋಯಿತು. ಹೆಬ್ಬೆರಳಪ್ಪನ ಕಣ್ಣಲ್ಲಿ ನೀರು ಬಂತು. ಗಾಳಿಯಲ್ಲೇ ಮೂರೆಳೆ ಹಿಡಿದು, ನಾಯಿಯ ಎದುರು, ಒಂದು ಇಡೀ ಜಡೆ ಹೆಣೆದು ತುದಿಗೆ ಗಂಟು ಹಾಕಿದ. ನಾಳೆ ಬೆಳಿಗ್ಗೆ ಮಗಳು ಬಾಚಣಿಗೆ ಹಿಡಿದು ತನ್ನ ಹತ್ತಿರವೇ ಬರುತ್ತಾಳೆ ಎಂದು ಅವನಿಗೆ ತಡೆಯಲಾಗದಷ್ಟು ಖುಷಿಯಾಯಿತು.

ಆ ಖುಷಿ ಎರಡು ನಿಮಿಷ ಇತ್ತು. ಆಮೇಲೆ ಅವನಿಗೆ ಡಾಕ್ಟರು ನೆನಪಾದರು. ಎರಡು ತಿಂಗಳು ಕಾದು, ನೋವು ತೋರಿಸಲು ಹೋಗುತ್ತಿರುವವನ ಹತ್ತಿರ ಈಗ ತೋರಿಸಲು ನೋವೇ ಇರಲಿಲ್ಲ. ಒಂದು ಹಗಲಿನ ವಿಶ್ರಾಂತಿ ನಾಲ್ಕು ತಿಂಗಳ ಸಾಕ್ಷಿಯನ್ನು ಅಳಿಸಿಹಾಕಿತ್ತು. ಕುರ್ಚಿಯಲ್ಲಿ ಯಜಮಾನಿಯ ತಮ್ಮ ಚಕ್ರ ಉರುಳಿಸುತ್ತಾ ಆಟವಾಡುವುದು ಕಣ್ಣಿಗೆ ಕಟ್ಟಿತು. ನಾಳೆಯಿಂದ ಮತ್ತೆ ದಿನಕ್ಕೆ ಒಂಬತ್ತು ಬೆನ್ನು, ವಾರ ಕಳೆಯುವುದರೊಳಗೆ ಮತ್ತೆ ಅದೇ ಸೂಜಿ, ಅದೇ ದಾರ.

ಅವನು ಎದ್ದು ಟವೆಲನ್ನು ಹಗ್ಗದ ಹಾಗೆ ಹಿಂಡಿದ. ನೋಯಲಿಲ್ಲ. ಉದ್ಯಾನದ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದ. ನೋಯಲಿಲ್ಲ. ಬೆಂಚಿನ ತುದಿ ಹಿಡಿದು ಎತ್ತಲು ನೋಡಿದ. ಬೆಂಚು ಏಳಲಿಲ್ಲ, ಬೆರಳೂ ನೋಯಲಿಲ್ಲ. ನಾಯಿ ಸ್ವಲ್ಪ ದೂರ ಹೋಗಿ ನಿಂತು ಅವನನ್ನು ಅನುಮಾನದಿಂದ ನೋಡಿತು. "ಹಾಳಾದ್ದು, ಬೇಕಾದಾಗ ಕೈ ಕೊಡತ್ತೆ," ಎಂದು ಬೈದುಕೊಂಡು ಅವನು ಡಾಕ್ಟರ ಕಡೆ ನಡೆದ.

ಕೈ ಡಾಕ್ಟರ ಕೋಣೆಯಲ್ಲಿ ಗೋಡೆಯ ತುಂಬ ಒಂದೇ ಒಂದು ದೊಡ್ಡ ಕೈಯ ಚಿತ್ರವಿತ್ತು, ನರಗಳೆಲ್ಲ ಕೆಂಪು ನೀಲಿ ಬಣ್ಣದಲ್ಲಿ. ಮೇಜಿನ ಮೇಲೆ ಹನ್ನೆರಡು ಸೂತ್ರಗಳ ಪುಸ್ತಕದ ರಾಶಿ. ಡಾಕ್ಟರು ತಿರುಗುವ ಸ್ಟೂಲಿನ ಮೇಲೆ ಕೂತು ತಲೆ ಎತ್ತದೆ ಬರೆಯುತ್ತಿದ್ದರು.

"ಕೆಲಸ?"

"ಮಾಲೀಶು ಸರ್."

ಪೆನ್ನು ನಿಂತಿತು. ಡಾಕ್ಟರು ತಲೆ ಎತ್ತಿ, ಬೆಳಿಗ್ಗೆಯಿಂದ ಮೊದಲ ಸಲ ಮನುಷ್ಯನೊಬ್ಬನನ್ನು ಕಂಡವರ ಹಾಗೆ ಅವನನ್ನು ನೋಡಿದರು. ಆಮೇಲೆ ಕೈ ತೆಗೆದುಕೊಂಡು ಹೆಬ್ಬೆರಳಿನ ಬುಡ ಅದುಮಿದರು. "ಇಲ್ಲಿ?"

"ಇಲ್ಲ," ಎಂದ ಹೆಬ್ಬೆರಳಪ್ಪ. ಬೆಳಿಗ್ಗೆಯಿಂದ ಅಭ್ಯಾಸ ಮಾಡಿದ ಮಾತು ಬೇಡವಾದ ಹೊತ್ತಲ್ಲಿ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಗಾಬರಿಯಾಯಿತು. ಡಾಕ್ಟರು ಕೈ ಬಿಟ್ಟಾದ ಮೇಲೆ ನೆನಪಾಗಿ "ಆಯ್" ಎಂದ.

ಡಾಕ್ಟರು ಹುಬ್ಬೇರಿಸಿದರು. "ನಾನು ಬಿಟ್ಟಮೇಲೆ ನೋಯ್ತಾ?"

ಹೆಬ್ಬೆರಳಪ್ಪನಿಗೆ ನಾಚಿಕೆಯಾಯಿತು. ನಾಯಿಯ ಸುಳ್ಳಿನಿಂದ ಆದದ್ದೇ ಸಾಕಾಗಿತ್ತು. ಅವನು ಎಲ್ಲವನ್ನೂ ಹೇಳಿಬಿಟ್ಟ: ನಾಲ್ಕು ತಿಂಗಳ ನೋವು, ಜಡೆ, ಕುರ್ಚಿ, ಹನ್ನೊಂದನೇ ಸೂತ್ರ, ಬೆಂಚು. "ಇವತ್ತು ಕೆಲಸ ಮಾಡಿಲ್ಲ, ಅದಕ್ಕೇ ನೋವಿಲ್ಲ ಸರ್. ಕೆಲಸ ಮಾಡಿದ್ರೆ ಬರತ್ತೆ. ನನ್ನಾಣೆಗೂ ಬರತ್ತೆ."

"ಹಾಗಾದ್ರೆ ಮಾಡಿ ತೋರಿಸಿ," ಎಂದರು ಡಾಕ್ಟರು. "ನೋಡದೆ ನಾನು ಏನನ್ನೂ ಬರೆಯೋನಲ್ಲ." ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದರು. ಸ್ಟೂಲು ಗರಗರ ತಿರುಗಿ ನಿಂತಿತು. ಹೆಬ್ಬೆರಳಪ್ಪನ ಮುಂದೆ ಡಾಕ್ಟರ ಬೆನ್ನಿತ್ತು.

ಕೆಲಸ ಸುಲಭದ್ದಿತ್ತು. ಎರಡು ಸಲ ಒತ್ತಿ, ಮುಖ ಕಿವುಚಿ, ಕೈ ಹಿಂದೆ ತೆಗೆದರೆ ಕುರ್ಚಿ ಸಿಕ್ಕಿದಂತೆ. ಹೆಬ್ಬೆರಳಪ್ಪ ಅದನ್ನೇ ಮಾಡಬೇಕೆಂದುಕೊಂಡು ಡಾಕ್ಟರ ಬಲ ಭುಜದ ಮೇಲೆ ಹೆಬ್ಬೆರಳಿಟ್ಟ. ಇಟ್ಟ ಕ್ಷಣ ಹೆಬ್ಬೆರಳು ಅವನ ಮಾತು ಕೇಳುವುದನ್ನು ಬಿಟ್ಟಿತು. ಅದು ಭುಜದಿಂದ ಕೆಳಗಿಳಿಯಿತು, ಬೆನ್ನೆಲುಬಿನ ಪಕ್ಕಕ್ಕೆ ಸರಿಯಿತು, ರೆಕ್ಕೆಮೂಳೆಯ ಅಡಿಯಲ್ಲಿ ತಡವರಿಸಿತು, ನಿಂತಿತು. ಅಲ್ಲೊಂದು ಗಂಟಿತ್ತು. ಸಾಧಾರಣ ಗಂಟಲ್ಲ, ಗೋಲಿ ಗಾತ್ರದ್ದು, ಹತ್ತು ಹದಿನೈದು ವರ್ಷದಿಂದ ಬೇರೂರಿದ್ದು. ಅಂಥದನ್ನು ಹೆಬ್ಬೆರಳಪ್ಪ ಮೂರು ವರ್ಷದಿಂದ ಕಂಡಿರಲಿಲ್ಲ.

ಮಣಿಕಟ್ಟು ಬಾಗಿತು. ಶಕ್ತಿ ಬೆರಳಿನಿಂದಲೇ ಬಂತು. ಗೋಡೆಯ ಮೇಲಿನ ದೊಡ್ಡ ಕೈ, ಮೇಜಿನ ಮೇಲಿನ ಹನ್ನೆರಡು ಸೂತ್ರ, ಚಕ್ರದ ಕುರ್ಚಿ, ಯಾವುದೂ ಅವನಿಗೆ ಕಾಣಲಿಲ್ಲ. ಎಷ್ಟು ಹೊತ್ತಾಯಿತೋ ತಿಳಿಯದು. ಗಂಟು ಮೊದಲು ಜಾರಿತು, ಆಮೇಲೆ ಮೆತ್ತಗಾಯಿತು, ಕಡೆಗೆ ಇದ್ದಕ್ಕಿದ್ದಂತೆ ಕರಗಿಹೋಯಿತು. ಡಾಕ್ಟರು ಹಸುಗೂಸಿನ ಹಾಗೆ ಒಂದು ಸದ್ದು ಮಾಡಿದರು.

ಅದೇ ಕ್ಷಣ ಹೆಬ್ಬೆರಳಿನ ಬುಡದಲ್ಲಿ ಟಕ್ ಎಂದಿತು. ಸೂಜಿ, ದಾರ, ಮೊಣಕೈ, ಎಲ್ಲ ಒಟ್ಟಿಗೆ ಬಂದವು. ಈ ಸಲ ದಾರ ಭುಜದವರೆಗೂ ಹೋಯಿತು.

"ಬಂತು ಸರ್," ಎಂದ ಹೆಬ್ಬೆರಳಪ್ಪ, ನೋವಿಗೆ ಕುಣಿಯುವಷ್ಟಾಗಿ, ಸಂತೋಷಕ್ಕೂ ಅಷ್ಟೇ ಆಗಿ. "ಈಗ ನೋಡಿ, ನೋವು ಬಂತು."

ಡಾಕ್ಟರು ಕಣ್ಣು ತೆರೆಯಲಿಲ್ಲ. "ಹೋಯ್ತು," ಎಂದರು ಮೆಲ್ಲಗೆ. "ಹನ್ನೆರಡು ವರ್ಷದ ನೋವು ಹೋಯ್ತು."

"ನಿಮ್ದಲ್ಲ ಸರ್, ನಂದು."

"ಕೆಲಸ ಮಾಡಿದಾಗ ಸ್ವಲ್ಪ ನೋವು ಎಲ್ಲರಿಗೂ ಬರತ್ತೆ." ಡಾಕ್ಟರು ಸ್ಟೂಲು ತಿರುಗಿಸಿ, ಭುಜವನ್ನು ಮೇಲೆ ಕೆಳಗೆ ಆಡಿಸಿ ನೋಡಿ ನಕ್ಕರು. "ಯಾವ ಚೀಟಿ ಬೇಕು ಅಂದ್ರಿ?"

"ಎರಡು ಸರ್. ನಾಯಿ ಕಚ್ಚಿಲ್ಲ, ಕೈಗೆ ಏನೂ ಆಗಿಲ್ಲ ಅಂತ ಒಂದು, ಗಿರಾಕಿಗಳಿಗೆ. ಈ ಕೈಲಿ ಇನ್ನು ಒತ್ತೋಕಾಗಲ್ಲ ಅಂತ ಒಂದು, ಕುರ್ಚಿಗೆ."

"ಮೊದಲನೇದು ಧಾರಾಳವಾಗಿ ಬರೀತೀನಿ. ಎರಡನೇದು ಸುಳ್ಳಾಗತ್ತೆ, ಸುಳ್ಳು ನಾನು ಬರೆಯಲ್ಲ. ಇಂಥ ಕೈನ ಕುರ್ಚೀಲಿ ಕೂರಿಸಿದ್ರೆ ನನಗೆ ಪಾಪ ಬರತ್ತೆ." ಡಾಕ್ಟರು ಬರೆಯುತ್ತಲೇ ಗಟ್ಟಿಯಾಗಿ ಓದಿದರು. "ಕೈಗೆ ಏನೂ ಆಗಿಲ್ಲ. ಹೆಬ್ಬೆರಳಿನ ಬಲ ಅಸಾಧಾರಣವಾಗಿದೆ. ಇದನ್ನು ನಾನು ಖುದ್ದು ಅನುಭವಿಸಿ ದೃಢಪಡಿಸಿದ್ದೇನೆ. ಒತ್ತುವ ಕೆಲಸಕ್ಕೆ ಸಂಪೂರ್ಣ ಯೋಗ್ಯ."

ತನ್ನ ಕೈಯ ಮೇಲೆ ಹೆಬ್ಬೆರಳಪ್ಪನಿಗೆ ಹುಟ್ಟಿದಾಗಿನಿಂದ ಬಂದಿರದಷ್ಟು ಸಿಟ್ಟು ಬಂತು. ಹೊಡೆಯೋಣವೆಂದರೆ ಹೊಡೆಯಲು ಇದ್ದದ್ದೂ ಅದೇ ಕೈ.

"ಕೆಳಗೆ ಒಂದು ಸಹಿ ಹಾಕಿ," ಎಂದರು ಡಾಕ್ಟರು. "ಪರೀಕ್ಷೆ ಮಾಡಿಸ್ಕೊಂಡೆ, ಒಪ್ಪಿದೀನಿ ಅಂತ."

ಅವನು ಪೆನ್ನು ತೆಗೆದುಕೊಂಡ. ಹೆಬ್ಬೆರಳು ಮಡಿಸಲಾಗಲಿಲ್ಲ. ಪೆನ್ನು ಜಾರಿ ಮೇಜಿನ ಕೆಳಗೆ ಉರುಳಿತು. ಡಾಕ್ಟರು ಬಗ್ಗಿ ತೆಗೆದುಕೊಟ್ಟರು, ಬಗ್ಗಿದಾಗ ಬೆನ್ನು ನೋಯಲಿಲ್ಲವೆಂದು ಇನ್ನೊಮ್ಮೆ ನಕ್ಕರು. ಪೆನ್ನು ಮತ್ತೆ ಬಿತ್ತು. ಈ ಸಲ ಡಾಕ್ಟರು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ದನಿ ತಗ್ಗಿಸಿದರು.

"ಮೊದಲೇ ಹೇಳ್ಬಾರ್ದಾ. ಇದರಲ್ಲಿ ನಾಚ್ಕೊಳ್ಳೋದೇನಿದೆ. ಓದು ಬರಹ ಎಲ್ಲರಿಗೂ ಎಲ್ಲಿ ಸಿಗತ್ತೆ." ಡ್ರಾಯರು ಎಳೆದು ಮಸಿಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು.

"ಓದು ಬರತ್ತೆ ಸರ್, ಕೈ..."

"ಸಂಕೋಚ ಬೇಡ." ಡಾಕ್ಟರು ಅವನ ಬಲ ಹೆಬ್ಬೆರಳನ್ನು ಹಿಡಿದು ಮಸಿಯಲ್ಲಿ ಅದ್ದಿ, ಕಾಗದದ ಕೆಳತುದಿಯನ್ನು ತೋರಿಸಿದರು. "ಇಲ್ಲಿ. ಸ್ವಲ್ಪ ಜೋರಾಗಿ ಒತ್ತಿ."

ಒತ್ತಿ ಎಂದ ಮೇಲೆ ಹೆಬ್ಬೆರಳಪ್ಪ ಒತ್ತಿದ. ಕಾಗದದ ಮೇಲೆ ಗೆರೆಯೊಂದೂ ಇಲ್ಲದ ಕಪ್ಪು ಬೊಟ್ಟೊಂದು ಬಿತ್ತು. ಹತ್ತೊಂಬತ್ತು ವರ್ಷ ಊರವರ ಬೆನ್ನಿನ ಮೇಲೆ ಉಜ್ಜಿ ಉಜ್ಜಿ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು.

ಡಾಕ್ಟರು ಕಾಗದವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು. "ಯಾರದು ಅಂತಾನೇ ಗೊತ್ತಾಗಲ್ಲವಲ್ಲ ಇದು," ಎಂದು ಮಡಿಸಿ ಅವನ ಅಂಗಿಯ ಜೇಬಿಗೆ ತಾವೇ ತುರುಕಿದರು. "ಇರಲಿ, ಪರವಾಗಿಲ್ಲ. ನಾಳೆ ಬೆಳಿಗ್ಗೆ ನಾನೇ ನಿಮ್ಮ ಕೇಂದ್ರಕ್ಕೆ ಬರ್ತೀನಿ. ಎಡ ಭುಜ ಹಾಗೇ ಉಳಿದಿದೆ."